ಇಜ್ಜಾಳ ಸೈಕಲ್ಲು ಕಳುವಾದ ಮೇಲೆ

ಮಧ್ಯಾಹ್ನದ ಉರಿಬಿಸಿಲಲ್ಲಿ ಇಜ್ಜಾ ನಡೆದುಕೊಂಡು ಮನೆಗೆ ಬಂದಳು. ಕೈಯಲ್ಲಿ ಸೈಕಲ್ಲಿನ ಮುಂದಿನ ಚಕ್ರ ಮಾತ್ರ ಇತ್ತು.

ತಾಯಿ ರುಕಿಯಾ ಒಲೆ ಮುಂದೆ ರೊಟ್ಟಿ ಬೇಯಿಸುತ್ತಿದ್ದಳು. "ಎಲ್ಲೇ ಸೈಕಲ್ಲು?"

"ಉಳಿದಿರೋದು ಇಷ್ಟೇ!" ಇಜ್ಜಾ ಚಕ್ರವನ್ನು ಅಂಗಳಕ್ಕೆ ಎಸೆದಳು. "ಶಾಲೆ ಹಿಂದಿನ ಕಂಬಿಗೆ ಈ ಚಕ್ರ ಸೇರಿಸಿ ಬೀಗ ಹಾಕಿದ್ದೆ ಅಮ್ಮ. ಕಳ್ಳ ನಟ್ಟು ಬಿಚ್ಚಿ, ಇದೊಂದನ್ನ ಬಿಟ್ಟು ಮಿಕ್ಕಿದ್ದನ್ನೆಲ್ಲ ಹೊತ್ಕೊಂಡು ಹೋಗಿದಾನೆ. ಬೀಗ ಮಾತ್ರ ಭದ್ರವಾಗಿತ್ತು!"

ಅವಳು ಅಳಲಿಲ್ಲ. ಹಲ್ಲು ಕಚ್ಚಿಕೊಂಡು ನಿಂತಳು.

ಮರಾಕೇಶ್ ಪಟ್ಟಣದ ಹೊರಗಿರುವ ನಮ್ಮ ಹಳ್ಳಿಗೆ ಹೈಸ್ಕೂಲು ದೂರ. ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹೆಣ್ಣುಮಕ್ಕಳ ಓದು ನಿಂತಿರುವುದೇ ಸೈಕಲ್ಲಿನ ಮೇಲೆ.

ರುಕಿಯಾ ಮಗಳನ್ನು ಕರೆದುಕೊಂಡು ಪೊಲೀಸರ ಹತ್ತಿರ ಹೋದಳು. "ಫ್ರೇಮಿನ ನಂಬರ್ ಏನಮ್ಮ? ಫೋಟೋ ಇದೆಯಾ?" ಎಂದು ಅವರು ಕೇಳಿದರು. ಎರಡೂ ಇರಲಿಲ್ಲ. "ಕೆಂಪು ಬಣ್ಣದ್ದು" ಎಂದಳು ಇಜ್ಜಾ. "ಈ ಊರಲ್ಲಿ ಕೆಂಪು ಸೈಕಲ್ಲಿಗೇನು ಬರವೇ? ಯಾವುದು ಅಂತ ಹುಡುಕೋಣ?" ಎಂದರು. ತಾಯಿಮಗಳು ಬರಿಗೈಯಲ್ಲಿ ಮನೆಗೆ ಬಂದರು.

ಅಪ್ಪ ಬಿಹಿ ಆಲಿವ್ ಗಾಣದಲ್ಲಿ ದುಡಿಯುವವನು. ಸಂಜೆ ಬಂದು ಸುದ್ದಿ ಕೇಳಿದ, ಚಹಾ ಕುಡಿದ. ಆಮೇಲೆ ಹೇಳಿದ: "ಹೋಗ್ಲಿ ಬಿಡು, ಓದಿದ್ದು ಸಾಕು. ಹುಡುಗಿ ಬೀದೀಲಿ ಸೈಕಲ್ ತುಳಿಯೋದು ನಂಗೆ ಮೊದಲೇ ಇಷ್ಟ ಇರಲಿಲ್ಲ. ದೇವರೇ ದಾರಿ ತೋರಿಸಿದ."

ರುಕಿಯಾ ಚಹಾದ ಹೂಜಿಯನ್ನು ದಡಕ್ಕನೆ ಕುಕ್ಕಿದಳು. "ದೇವರನ್ನ ಯಾಕೆ ಎಳೀತೀಯಾ? ಕದ್ದೋನು ಕಳ್ಳ, ಶಿಕ್ಷೆ ನಿನ್ನ ಮಗಳಿಗಾ?"

"ಮತ್ತೇನು ಮಾಡ್ಲಿ? ಇನ್ನೊಂದು ತಂದ್ರೆ ಅದನ್ನೂ ಹೊಡೀತಾರೆ. ಕದಿಯೋನಿಗೆ ಬೀಗ ಒಂದು ಲೆಕ್ಕವಾ?"

"ಹಾಗಾದ್ರೆ ನಾಳೆಯಿಂದ ನಿನ್ನ ಸೈಕಲ್ಲು ಅವಳಿಗೆ. ನೀನು ಗಾಣಕ್ಕೆ ನಡ್ಕೊಂಡು ಹೋಗು. ಕಾಲಿದೆಯಲ್ಲ!"

ಅಷ್ಟರಲ್ಲಿ ಪಕ್ಕದ ಮನೆಯ ತುರಿಯಾ ಬಾಗಿಲಿಗೆ ಬಂದಳು. ಪಟ್ಟಣದ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ ಅವಳದು. ದಿನವೂ ಸೈಕಲ್ಲಿನಲ್ಲೇ ಹೋಗುತ್ತಾಳೆ. ಅವಳೂ ಸೈಕಲ್ಲು ಕಳೆದುಕೊಂಡವಳೇ, ಅದೂ ಎರಡು ಸಲ.

"ನಿಮ್ಮ ಜಗಳ ಮಸೀದಿವರೆಗೂ ಕೇಳ್ತಾ ಇದೆ" ಎಂದಳು. "ಬಿಹಿಯಣ್ಣ, ನಿನ್ನ ಬೀಗ ಎಲ್ಲಿ, ತೋರಿಸು."

ಬಿಹಿಯ ಸೈಕಲ್ಲನ್ನು ಪ್ಲಾಸ್ಟಿಕ್ ಹೊದಿಕೆಯ ತಂತಿ ಬೀಗದಿಂದ ಅಂಗಳದ ಕಂಬಕ್ಕೆ ಕಟ್ಟಿತ್ತು. ಬೇಲಿಗೆ ಬಳಸುವ ಕಟಿಂಗ್ ಪ್ಲೇಯರ್ ಅಲ್ಲೇ ಬಿದ್ದಿತ್ತು. ತುರಿಯಾ ಅದನ್ನೆತ್ತಿಕೊಂಡು ಎರಡೇ ಸಲ ಅದುಮಿದಳು. ಬೀಗ ತುಂಡಾಗಿ ಬಿತ್ತು.

"ಏಯ್! ನನ್ನ ಬೀಗ!" ಬಿಹಿ ಹಾರಿ ಎದ್ದ.

"ಬೀಗ ಅಲ್ಲಣ್ಣ ಇದು, ದಾರ. ಮೇಲೆ ಪ್ಲಾಸ್ಟಿಕ್ಕು ದಪ್ಪ, ಒಳಗೆ ತಂತಿ ಸಣ್ಣ. ಇದನ್ನ ಮಾರಿದೋನೂ ಅರ್ಧ ಕಳ್ಳನೇ!" ಎಂದಳು ತುರಿಯಾ. ಅವಳಿಗೂ ರೇಗಿತ್ತು. "ನನ್ನ ಮೊದಲನೇ ಸೈಕಲ್ಲು ಇಂಥಾ ದಾರ ನಂಬಿಯೇ ಹೋಯ್ತು."

ತನ್ನ ಮನೆಯಿಂದ ಗಟ್ಟಿ ಉಕ್ಕಿನ, ಲಾಳದ ಆಕಾರದ ಬೀಗ ತಂದಳು. ಇಜ್ಜಾಳನ್ನು ಹತ್ತಿರ ಕರೆದಳು. "ನೋಡು ಮಗಳೇ, ಮುಂದಿನ ಚಕ್ರಕ್ಕಷ್ಟೇ ಹಾಕಿದ್ರೆ ಇವತ್ತಿನ ಗತಿಯೇ. ಹಿಂದಿನ ಚಕ್ರ, ಫ್ರೇಮು, ಕಂಬ, ಮೂರೂ ಒಂದೇ ಬೀಗದೊಳಗೆ ಬರಬೇಕು. ಮಧ್ಯೆ ಜಾಗ ಬಿಟ್ರೆ ಕಳ್ಳ ಸಲಾಕೆ ತೂರಿಸಿ ಮೀಟ್ತಾನೆ. ಬೀಗ ನೆಲಕ್ಕೆ ತಾಗಿದ್ರೆ ನೆಲಕ್ಕೇ ಒತ್ತಿ ಸುತ್ತಿಗೇಲಿ ಕುಟ್ತಾನೆ. ಕಂಬ ಗಿಡ್ಡ ಇದ್ರೆ ಸೈಕಲ್ಲನ್ನ ಬೀಗದ ಸಮೇತ ಮೇಲಿಂದ ಎತ್ಕೊಂಡು ಹೋಗ್ತಾನೆ."

ಬಿಹಿಯ ಸೈಕಲ್ಲಿಗೆ ಹಾಗೆಯೇ ಬೀಗ ಹಾಕಿ, ಒಂದು ಸುತ್ತಿಗೆಯನ್ನು ಅವನ ಕೈಗೆ ಕೊಟ್ಟಳು. "ಬೀಗ ಲೆಕ್ಕಕ್ಕಿಲ್ಲ ಅಂದ್ಯಲ್ಲ. ಈಗ ಒಡಿ."

ಬಿಹಿ ಸಿಟ್ಟಿನಿಂದಲೇ ಬಡಿದ. ಠಣ್ ಠಣ್ ಎಂದು ಸದ್ದೆದ್ದಿತು. ಅಕ್ಕಪಕ್ಕದವರೆಲ್ಲ ಹೊರಗೆ ಬಂದರು. "ಏನೋ ಬಿಹಿ, ಈ ವಯಸ್ಸಲ್ಲಿ ಕಳ್ಳತನ ಕಲೀತಿದೀಯಾ?" ಎಂದು ಎದುರುಮನೆ ಅಜ್ಜಿ ಕೂಗಿದಳು. ಬಿಹಿ ಬೆವರಿದ. ಬೀಗ ಜಗ್ಗಲಿಲ್ಲ.

"ಇದು ಒಡೆಯೋದೇ ಇಲ್ಲ ಅಂತಲ್ಲ" ಎಂದಳು ತುರಿಯಾ. "ಯಂತ್ರ ತಂದ್ರೆ ಇದೂ ತುಂಡಾಗುತ್ತೆ. ಆದ್ರೆ ಹೊತ್ತು ಹಿಡಿಯುತ್ತೆ, ಸದ್ದಾಗುತ್ತೆ. ನೋಡು, ಊರೇ ಬಂದು ನಿಂತಿದೆ. ಕಳ್ಳನಿಗೆ ಬೇಕಾಗಿರೋದು ಸಲೀಸಾಗಿ ಸಿಗೋ ಸೈಕಲ್ಲು."

ಬಿಹಿ ಸುತ್ತಿಗೆ ಕೆಳಗಿಟ್ಟ. "ಇಂಥದ್ದೇ ಒಂದು ತರ್ತೀನಿ" ಎಂದು ಗೊಣಗಿದ. ಆ ರಾತ್ರಿ ಇಜ್ಜಾ ಅಪ್ಪನ ಸೈಕಲ್ಲಿನ ಫೋಟೋ ತೆಗೆದಳು, ಫ್ರೇಮಿನ ಕೆಳಗೆ ಕೆತ್ತಿದ್ದ ನಂಬರಿನ ಫೋಟೋವನ್ನೂ ತೆಗೆದಳು.

ಅಪ್ಪನ ಸೈಕಲ್ಲಿನಲ್ಲಿ, ಅವನು ತಂದುಕೊಟ್ಟ ಹೊಸ ಬೀಗದೊಂದಿಗೆ ಅವಳು ಮತ್ತೆ ಶಾಲೆಗೆ ಹೊರಟಳು. ಬಿಹಿ ಗಾಣಕ್ಕೆ ನಡೆದುಕೊಂಡು ಹೋಗತೊಡಗಿದ.

ಕೆಲವು ವಾರಗಳ ನಂತರ ಇಜ್ಜಾ ಬೀಗವನ್ನು ತಂದು ಅಪ್ಪನಿಗೆ ತೋರಿಸಿದಳು. ಅದರ ಮೇಲೆಲ್ಲ ಗರಗಸದ ಗೀರುಗಳಿದ್ದವು. ಯಾರೋ ಕೊಯ್ಯಲು ನೋಡಿ, ಆಗದೆ ಬಿಟ್ಟು ಹೋಗಿದ್ದರು.

ಬಿಹಿ ಆ ಗೀರುಗಳ ಮೇಲೆ ಬೆರಳಾಡಿಸಿದ. ಅವನ ಮುಖ ಕೆಂಪಾಯಿತು. ಮರುದಿನ ಕೆಲಸಕ್ಕೆ ರಜೆ ಹಾಕಿ, ಇನ್ನೂ ಕೆಲವು ತಂದೆತಾಯಿಯರನ್ನು ಎಬ್ಬಿಸಿಕೊಂಡು ಶಾಲೆಗೆ ಹೋದ.

"ಏನು ಬಿಹಿ, ಮಗಳನ್ನ ಶಾಲೆ ಬಿಡಿಸೋಕೆ ಬಂದ್ಯಾ?" ಎಂದರು ಮುಖ್ಯೋಪಾಧ್ಯಾಯರು.

"ಯಾರು ಬಿಡಿಸ್ತಾರೋ ನಾನೂ ನೋಡ್ತೀನಿ ಸಾರ್! ಸೈಕಲ್ ನಿಲ್ಲಿಸೋ ಕಂಬಿ ಗೋಡೆ ಹಿಂದೆ ಯಾಕಿದೆ? ಯಾರ ಕಣ್ಣಿಗೂ ಬೀಳದ ಜಾಗ ಕೊಟ್ಟು ಕಳ್ಳನಿಗೆ ಔತಣ ಹಾಕಿದೀರಾ? ಗೇಟಿನ ಹತ್ರ ಹಾಕಿಸಿ, ಕಾವಲುಗಾರನ ಕಣ್ಣೆದುರಿಗೆ. ಅಲ್ಲೀವರೆಗೂ ನಾವು ಇಲ್ಲಿಂದ ಕದಲಲ್ಲ."

ಅದೇ ವಾರ ಕಂಬಿ ಗೇಟಿನ ಬಳಿಗೆ ಬಂತು. ಕೆಂಪು ಸೈಕಲ್ಲು ಮಾತ್ರ ಸಿಗಲೇ ಇಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಸೈಕಲ್ಲು ಹೋದ ಮೇಲೆ ಹಣೆಬರಹವನ್ನು ಬೈಯಬೇಡಿ. ಇವತ್ತೇ ಎದ್ದು ನಿಮ್ಮ ಮನೆಯ ಬೀಗ ನೋಡಿ. ಬೇಲಿ ಕತ್ತರಿಸುವ ಇಕ್ಕಳಕ್ಕೇ ತುಂಡಾಗುವಂಥದ್ದಾದರೆ ಬದಲಾಯಿಸಿ. ಗಟ್ಟಿ ಉಕ್ಕಿನದು ತಂದು, ಹಿಂದಿನ ಚಕ್ರ ಮತ್ತು ಫ್ರೇಮನ್ನು ಅಲುಗಾಡದ ಕಂಬಕ್ಕೆ ಸೇರಿಸಿ ಹಾಕಿ, ಜನ ಓಡಾಡುವ ಕಡೆ. ನಂಬರ್ ಬರೆದಿಡಿ, ಫೋಟೋ ತೆಗೆದಿಡಿ. ಸಿಟ್ಟು ಬಂದರೆ ಕಳ್ಳನ ಮೇಲೆ ಬರಲಿ.

ಬೀಗವನ್ನು ಸೈಕಲ್ಲಿಗೆ ಹಾಕಿ. ಮಗಳಿಗೆ ಹಾಕಬೇಡಿ.