ಸುಖಾಗಮನ ಬಯಸುವವರು

ಬೇರೆ ಯಾರಾದರೂ ಆಗಿದ್ದರೆ ಶಶಿಕಲಾ ಬಾಯಿಗೆ ಬಂದ ಹಾಗೆ ಬೈದುಬಿಡುತ್ತಿದ್ದಳು. ಆದರೆ ಕಂಪ್ಯೂಟರ್ ಮುಂದೆ ಬೆವರುತ್ತಾ ಕೂತವನು ಬಾಳೇಶ, ಇನ್ನು ತಿಂಗಳೊಪ್ಪತ್ತಿನಲ್ಲಿ ಮಗಳ ಕತ್ತಿಗೆ ತಾಳಿ ಕಟ್ಟುವವನು. ಮದುವೆಗೆ ಮುಂಚೆಯೇ ಅಳಿಯನ ಮೇಲೆ ರೇಗಿದ ಅತ್ತೆ ಅನ್ನಿಸಿಕೊಳ್ಳುವುದು ಬೇಡವೆಂದು ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

"ಫೈಲು ಎಲ್ಲಾ ಅದಾವ್ರಿ ಅತ್ತಿ, ಒಂದೂ ಹೋಗಿಲ್ಲ," ಎಂದ ಬಾಳೇಶ. "ಕಾಪಿ ಮಾಡಿಟ್ಟುಕೊಂಡೇ ಹಳೇದನ್ನ ತಗದೇನಿ. ಆದ್ರ ತೆರದು ನೋಡಿದ್ರ ಹಿಂಗ ಕಾಣಾಕತ್ತೈತಿ."

ಪರದೆಯ ಮೇಲೆ ಇಂಗ್ಲಿಷ್ ಅಕ್ಷರ, ಕಾಮಾ, ಬ್ರಾಕೆಟ್ಟು, ಡಾಲರ್ ಗುರುತು ಎಲ್ಲ ಕಲಸುಮೇಲೋಗರವಾಗಿ ಬಿದ್ದಿದ್ದವು. ಮೇಲ್ಗಡೆ ಗಣಪತಿಯ ಚಿತ್ರ ಮಾತ್ರ ನೆಟ್ಟಗೆ ಕೂತಿತ್ತು.

"ಗಣಪತಿ ಬಂದಿದಾನಲ್ಲ, ಇನ್ನೇನು," ಎಂದ ಮಹದೇವ್, ಪೇಪರಿನ ಹಿಂದಿನಿಂದ. ಇಂಥ ಹೊತ್ತಿನಲ್ಲೇ ಅವಳ ಗಂಡನಿಗೆ ತಮಾಷೆ ಬರುವುದು.

"ನೀವು ಸುಮ್ನಿರಿ," ಎಂದು ಅವಳು ಬಾಳೇಶನ ಪಾಲಿನ ಸಿಟ್ಟನ್ನೂ ಸೇರಿಸಿ ಗಂಡನ ಮೇಲೆ ಹಾಕಿದಳು.

ಅತ್ತಿಗುಪ್ಪೆಯ ಆ ಮನೆಯ ಮುಂದಿನ ಕೋಣೆಯಲ್ಲಿ ಶಶಿಕಲಾ ಲಗ್ನಪತ್ರಿಕೆ ಟೈಪ್ ಮಾಡಿಕೊಡುತ್ತಾ ಬಂದು ಬಹಳ ವರ್ಷವಾಗಿತ್ತು. ಮದುವೆ, ನಾಮಕರಣ, ಗೃಹಪ್ರವೇಶ, ವೈಕುಂಠ ಸಮಾರಾಧನೆ, ಏನೇ ಇದ್ದರೂ ಸುತ್ತಮುತ್ತಲ ಬೀದಿಯವರು ಚೀಟಿ ಹಿಡಿದುಕೊಂಡು ಅವಳ ಹತ್ತಿರವೇ ಬರುತ್ತಿದ್ದರು. ಆ ಕಂಪ್ಯೂಟರ್ ಈಚೀಚೆಗೆ ಮುದಿ ಎತ್ತಿನ ಹಾಗೆ ಆಗಿತ್ತು. ಒತ್ತಿದರೆ ಏಳುತ್ತಿರಲಿಲ್ಲ, ಎದ್ದರೂ ಈ ವಿಂಡೋಸ್ ಹಳೆಯದಾಯಿತು, ಹೊಸದು ಹಾಕಿಸಿ ಎಂದು ತಾನೇ ಗೋಗರೆಯುತ್ತಿತ್ತು. ಹೊಸ ವಿಂಡೋಸನ್ನು ಹೊರುವ ಶಕ್ತಿ ಆ ಡಬ್ಬಕ್ಕೆ ಇರಲಿಲ್ಲ. ಆಸ್ಪತ್ರೆಗಳ ಲ್ಯಾಬ್ ಮೆಷಿನ್ನು ರಿಪೇರಿ ಮಾಡುವ ಬಾಳೇಶ, "ವಿಂಡೋಸ್ ಬದಲಿ ಲಿನಕ್ಸ್ ಹಾಕ್ತೀನ್ರಿ, ಕುದುರಿ ಓಡಿದಂಗ ಓಡ್ತೈತಿ," ಅಂದಿದ್ದ. ಅಳಿಯ ಆಗುವವನು ಮೊದಲ ಸಲ ಒಂದು ಉಪಕಾರ ಮಾಡುತ್ತೇನೆ ಅಂದಾಗ ಬೇಡ ಅನ್ನಲಾಗುತ್ತದೆಯೇ? ಭಾನುವಾರ ಬೆಳಿಗ್ಗೆ ಉಪ್ಪಿಟ್ಟು ತಿಂದು ಕೂತವನು ಮಧ್ಯಾಹ್ನದೊಳಗೆ ಹಾಕಿಯೂ ಬಿಟ್ಟ. ಓಡುವುದೇನೋ ಕುದುರೆಯ ಹಾಗೇ ಓಡುತ್ತಿತ್ತು.

"ಆ ಹಳೇ ಫಾಂಟು ಹೆಂಗಂದ್ರ," ಬಾಳೇಶ ಬಿಡಿಸಿ ಹೇಳಿದ, "ಒಳಗ ಇರೂದು ಇಂಗ್ಲಿಷ್ ಅಕ್ಷರಾನ ರೀ. ಮ್ಯಾಲೆ ಕನ್ನಡದ ವೇಷ ಹಾಕಿರ್ತಾರ. ಆ ವೇಷ ಇದ್ರಾಗ ಇಲ್ಲ. ಬದಲಿ ಮಾಡೂ ಸಾಫ್ಟ್‌ವೇರ್ ಸಿಗ್ತೈತಿ, ಬರೂ ಐತ್ವಾರ ಕುಂತು ಎಲ್ಲಾ ಸರಿ ಮಾಡಿ ಕೊಡ್ತೀನಿ."

"ಬರೋ ಭಾನುವಾರಾನಾ?" ಶಶಿಕಲಾಳ ದನಿ ಸಣ್ಣಗಾಯಿತು. "ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗ್ಬೇಕಲ್ಲ ನಿಮ್ ಮದ್ವೆ ಕಾರ್ಡು. ಇವತ್ತು ಸಂಜೆ ಒಳಗೆ ಕಳಿಸಿ ಅಂದಿದಾರೆ ಪ್ರೆಸ್ಸಿನ ಅಮೀನಪ್ಪ. ನಾಳೆ ಬಿಟ್ರೆ ಅವ್ರಿಗೂ ಮೆಷಿನ್ ಬಿಡುವಿಲ್ಲ."

"ಹೊಸದಾಗಿ ಟೈಪ್ ಮಾಡಿಬಿಡ್ರಲಾ ಅತ್ತಿ. ಕೀಬೋರ್ಡು ನಿಮ್ಮ ಹಳೇ ಪದ್ಧತೀನ ಹಾಕೇನಿ."

ಪರವಾಗಿಲ್ಲ ಬಿಡಿ, ನೋಡೋಣ ಎಂದು ನಗುತ್ತಾ ಹೇಳಿ ಅವಳು ಅಡುಗೆಮನೆಗೆ ಹೋದಳು. ಅಲ್ಲಿ ನಗು ಉಳಿಯಲಿಲ್ಲ. ಸೊಪ್ಪು ಬಿಡಿಸುತ್ತಿದ್ದ ಮಗಳು ವಚನಾ ತಲೆಯೆತ್ತಿ ನೋಡಿದಳು.

"ನಿನ್ ಮದ್ವೆ ಕಾರ್ಡು ಶೈಲಾ ಫೈಲಿಂದಾನೇ ಮಾಡ್ಬೇಕು ಅಂತ ಎಷ್ಟು ವರ್ಷದಿಂದ ಇಟ್ಕೊಂಡಿದ್ದೆ ಗೊತ್ತೇನೇ," ಎಂದಳು ಶಶಿಕಲಾ. "ತಾತನ ಮಾತು ಕಣೇ ಅದ್ರಲ್ಲಿ ಇರೋದು."

ಶೈಲಾ ಅವಳ ತಂಗಿ. ಶಶಿಕಲಾ ಮಾಡಿದ ಮೊದಲ ಲಗ್ನಪತ್ರಿಕೆ ಶೈಲಾಳದು. ಪಕ್ಕದಲ್ಲಿ ಕೂತು ಅದನ್ನು ಬಾಯಲ್ಲಿ ಹೇಳಿ ಬರೆಸಿದವರು ಅಪ್ಪ ಚಿಕ್ಕಹನುಮಯ್ಯ. ಮಾಗಡಿ ರಸ್ತೆಯ ಗಿರಣಿಯಲ್ಲಿ ದುಡಿದ ಆ ಮನುಷ್ಯನಿಗೆ ಕಾರ್ಡಿನ ಸಂಸ್ಕೃತವೆಲ್ಲ ಹಿಡಿಸಿರಲಿಲ್ಲ. "ಕರೆಯೋದನ್ನ ಕರೆಯೋ ಹಂಗೆ ಕರಿ ಕಣವ್ವಾ," ಎಂದು ಕೊನೆಗೆ ತಮ್ಮದೇ ಎರಡು ಸಾಲು ಸೇರಿಸಿದ್ದರು. ಆಮೇಲೆ ಅವಳು ಮಾಡಿದ ಪ್ರತಿ ಕಾರ್ಡೂ ಆ ಫೈಲಿನ ಮೇಲೆಯೇ ಹುಟ್ಟಿದ್ದು. ಶೈಲಾ ಫೈಲು ತೆರೆಯುವುದು, ಹಳೆಯ ಹೆಸರು ಅಳಿಸುವುದು, ಹೊಸ ಹೆಸರು ತುಂಬುವುದು. ಒಂದು ಮದುವೆಯ ಮೇಲೆ ಇನ್ನೊಂದು ಮದುವೆ ಬರೆದುಕೊಂಡೇ ಅವಳು ಇಷ್ಟು ದೂರ ಬಂದಿದ್ದಳು. ಆ ಮೊದಲ ಕಾರ್ಡು ಬಿಟ್ಟರೆ ಖಾಲಿ ಹಾಳೆ ಅನ್ನುವುದನ್ನೇ ಅವಳು ಕಂಡವಳಲ್ಲ.

ಅದರಿಂದ ಒಂದು ಸಲ ಭಾರೀ ಎಡವಟ್ಟಾಗಿತ್ತು. ಹೆಗ್ಗನಹಳ್ಳಿಯ ಯಾರದೋ ಮದುವೆ. ಹೆಸರೆಲ್ಲ ಬದಲಾಯಿಸಿದವಳು ಕೊನೆಯಲ್ಲಿ 'ಸುಖಾಗಮನ ಬಯಸುವವರು' ಎಂಬಲ್ಲಿದ್ದ ಅಪ್ಪನ ಹೆಸರನ್ನು ಅಳಿಸಲು ಮರೆತಿದ್ದಳು. ಕಾರ್ಡು ಅಚ್ಚಾಗಿ, ಹಂಚಿಯೂ ಆದ ಮೇಲೆ ಗೊತ್ತಾಯಿತು. ಇವಳು ಅತ್ತು ಕರೆದು ರಂಪ ಮಾಡುತ್ತಿದ್ದರೆ, ಅಪ್ಪ ಒಗೆದ ಪಂಚೆ ಉಟ್ಟುಕೊಂಡು ಮದುವೆಗೆ ಹೊರಟೇಬಿಟ್ಟಿದ್ದರು. "ನನ್ ಹೆಸ್ರು ಹಾಕಿ ಜನಾನ ಕರ್ದವ್ರೆ. ನಾನೇ ಬಾಗಿಲಲ್ಲಿ ನಿಂತ್ಕೊಳ್ದೆ ಇದ್ರೆ ಬಂದೋರು ಏನಂದ್ಕೊಂಡಾರು?" ಛತ್ರದ ಬಾಗಿಲಲ್ಲಿ ನಿಂತು, ಬಂದವರಿಗೆಲ್ಲ ಪನ್ನೀರು ಚಿಮುಕಿಸಿ, "ಬನ್ನಿ, ಬನ್ನಿ, ಊಟ ಮಾಡ್ದೆ ಹೋಗ್ಬೇಡಿ" ಅಂದಿದ್ದರು. ಹೆಣ್ಣಿನ ಕಡೆಯವರು ಇವರನ್ನು ಗಂಡಿನ ಸೋದರಮಾವ ಅಂದುಕೊಂಡರು, ಗಂಡಿನ ಕಡೆಯವರು ಹೆಣ್ಣಿನ ದೊಡ್ಡಪ್ಪ ಅಂದುಕೊಂಡರು. ತಾಂಬೂಲವನ್ನೂ ಇಸಿದುಕೊಂಡು ಬಂದರು ಪುಣ್ಯಾತ್ಮ!

ಅಂದಿನಿಂದ ಅವಳು ಫೈಲು ತೆರೆದ ಕೂಡಲೇ ಮೊದಲು ಅಪ್ಪನ ಹೆಸರು ಅಳಿಸುವ ಅಭ್ಯಾಸ ಮಾಡಿಕೊಂಡಳು. ಅಪ್ಪ ತೀರಿಕೊಂಡ ಮೇಲೂ ಅದೇ ಅಭ್ಯಾಸ. ಮೂಲ ಫೈಲಿನಿಂದಲೇ ಒಂದು ಸಲ ತೆಗೆದುಬಿಟ್ಟರೆ ಮುಗಿಯುತ್ತಿತ್ತು, ಅಷ್ಟೂ ತಿಳಿಯದವಳಲ್ಲ. ಆದರೆ ಅಳಿಸುವುದಕ್ಕಾದರೂ ಒಂದು ಸಲ ನೋಡಬೇಕಲ್ಲ. ಪ್ರತಿ ಸಲ ಎದೆ ಸಣ್ಣಗೆ ಚುರ್ ಅನ್ನುತ್ತಿತ್ತು, ಅದೂ ಬೇಕು ಅನ್ನಿಸುತ್ತಿತ್ತು.

"ಅಮ್ಮಾ, ತಾತನ ಸಾಲು ತಾನೆ?" ವಚನಾ ಸೊಪ್ಪಿನ ದಂಟು ಮುರಿಯುತ್ತಾ ಹೇಳಿದಳು. "'ಬಿಡುವು ಮಾಡಿಕೊಂಡು ಬನ್ನಿ, ಮುಂದಿನ ಸಾಲಿನಲ್ಲಿ ಕೂತುಕೊಳ್ಳಿ.' ನೀನು ಚಪಾತಿ ಲಟ್ಟಿಸುವಾಗೆಲ್ಲ ಗೊಣಗ್ತಾ ಇರ್ತೀಯ. ನಂಗೇ ಬಾಯಿಪಾಠ. ನಿಂಗೆ ಬರಲ್ವಾ?"

ಶಶಿಕಲಾ ಕೈ ಒರೆಸಿಕೊಂಡು ಬಂದು ಕಂಪ್ಯೂಟರ್ ಮುಂದೆ ಕೂತಳು. ಬಾಳೇಶ ಪಕ್ಕಕ್ಕೆ ಸರಿದು, ಪರೀಕ್ಷೆ ಬರೆಯುವವರ ಪಕ್ಕದಲ್ಲಿ ನಿಲ್ಲುವ ಹಾಗೆ ನಿಂತ. ಬೆಳ್ಳಗಿನ ಹಾಳೆ, ಮಿಟುಕುವ ಗೆರೆ. ಎಲ್ಲಿಂದ ಶುರು ಮಾಡುವುದೋ ತಿಳಿಯದೆ ಅವಳು 'ಶ್ರೀ' ಎಂದು ಹೊಡೆದಳು. ಒತ್ತಕ್ಷರಕ್ಕೆ ಎಡಗೈ ತೋರುಬೆರಳು ಹಳೆಯ ಜಾಗಕ್ಕೇ ಹೋಯಿತು, ಅಕ್ಷರವೂ ಸರಿಯಾಗಿಯೇ ಬಂತು. ಕುಲದೇವರ ಹೆಸರು ಬಂತು. ದಿವಂಗತ ಚಿಕ್ಕಹನುಮಯ್ಯನವರ ಮೊಮ್ಮಗಳು ಎಂಬುದು ಬಂತು. ಬೆರಳು ಮುಂದೆ ಹೋಗುತ್ತಿತ್ತು, ಅವಳು ಹಿಂದಿನಿಂದ ಓದಿಕೊಂಡು ಬರುತ್ತಿದ್ದಳು. ಅಯ್ಯೋ, ಇಷ್ಟೊಂದು ನನ್ನೊಳಗೇ ಇತ್ತಾ ಎಂದು ಅವಳಿಗೇ ಬೆರಗಾಯಿತು.

"ಧಾರಾಮುಹೂರ್ತ ಅಂತ ಹಾಕ್ಲಾ? ನಿಮ್ ಕಡೆ ಏನಂತಾರೆ?"

"ನಮ್ಮ ಕಡೆ ಅಕ್ಕಿಕಾಳು ಅಂತೀವ್ರಿ. ಧಾರಿ ಅಂದ್ರ ನಮ್ಮವ್ವಗ ತಿಳಿಯೂದಿಲ್ಲ. ಇರ್ಲಿ ಬಿಡ್ರಿ, ನಾ ಹೇಳ್ತೀನಿ."

"ಅದ್ಯಾಕೆ? ಅವ್ರಿಗೂ ತಿಳೀಬೇಕಲ್ಲ, ಅವ್ರ ಮಗನ ಮದ್ವೆ." ಅವಳು ಎರಡನ್ನೂ ಹಾಕಿದಳು. ಶೈಲಾ ಫೈಲಿನಲ್ಲಿ ಆ ಶಬ್ದಕ್ಕೆ ಜಾಗವೇ ಇರುತ್ತಿರಲಿಲ್ಲ. ಇಲ್ಲಿ ಸಾಲು ಉದ್ದವಾಗಿ, ಚೆನ್ನಾಗಿಯೇ ಕಂಡಿತು. ಬಾಳೇಶನ ಮುಖ ಅರಳಿದ್ದನ್ನು ಮಹದೇವ್ ಪೇಪರ್ ಇಳಿಸಿ ನೋಡಿ, ಏನೂ ತಿಳಿಯದವನ ಹಾಗೆ ಮತ್ತೆ ಏರಿಸಿದ.

ಅಪ್ಪನ ಸಾಲುಗಳನ್ನು ಹೊಡೆಯುವಾಗ ಮಾತ್ರ ಅವಳ ಬಾಯೂ ಅಲ್ಲಾಡಿತು. 'ಬಿಡುವು ಮಾಡಿಕೊಂಡು ಬನ್ನಿ, ಮುಂದಿನ ಸಾಲಿನಲ್ಲಿ ಕೂತುಕೊಳ್ಳಿ. ಊಟ ಮಾಡದೆ ಹೋಗಬೇಡಿ.'

ಕೊನೆಗೆ 'ಸುಖಾಗಮನ ಬಯಸುವವರು' ಬಂತು. ಅಭ್ಯಾಸಬಲದಿಂದ ಬಲಗೈ ಕಿರುಬೆರಳು ಅಳಿಸುವ ಗುಂಡಿಯ ಮೇಲೆ ಹೋಗಿ ಕೂತಿತು. ಅಳಿಸಲು ಅಲ್ಲಿ ಏನೂ ಇರಲಿಲ್ಲ. ಹೊಸ ಹಾಳೆಗೆ ಅಪ್ಪ ಯಾರೆಂದೇ ಗೊತ್ತಿಲ್ಲ. ಅವಳು ಬೆರಳು ಹಿಂದಕ್ಕೆ ತೆಗೆದಳು. ಮಹದೇವನ ಅಣ್ಣತಮ್ಮಂದಿರ ಹೆಸರು, ಶೈಲಾ ಮತ್ತು ಅವಳ ಗಂಡನ ಹೆಸರು ತುಂಬಿ, ಆಮೇಲೆ ಇನ್ನೊಂದು ಸಾಲು ಹೊಡೆದಳು.

"ಮುಗೀತು. ಅದೇನು ಪಿಡಿಎಫ್ ಅಂತಾರಲ್ಲ, ಅದ್ ಮಾಡಿ ಕಳಿಸಿ ಅಮೀನಪ್ಪಂಗೆ," ಎಂದು ಎದ್ದಳು. "ಕಾಫಿ ತರ್ತೀನಿ. ಚೆನ್ನಾಗಿದೆ ಬಾಳೇಶ್ ಅವ್ರೇ ನಿಮ್ ಲಿನಕ್ಸು."

ಅದನ್ನು ಅವಳು ಮನಸಾರೆ ಹೇಳಿದಳು. ಬಾಳೇಶ ಬೆಳಗಿನಿಂದ ಮೊದಲ ಸಲ ಕುರ್ಚಿಗೆ ಒರಗಿ ಕೂತ.

ಮರುದಿನ ಬೆಳಿಗ್ಗೆ ಅವಳು ಬಾಗಿಲಿಗೆ ರಂಗೋಲಿ ಬಿಡುತ್ತಿದ್ದಾಗ ಅಮೀನಪ್ಪನ ಫೋನು ಬಂತು. ವಿಜಯನಗರದ ಅವನ ಪ್ರೆಸ್ಸಿನಲ್ಲೇ ಶೈಲಾಳ ಕಾರ್ಡೂ ಅಚ್ಚಾಗಿದ್ದು.

"ಅಕ್ಕಾ, ಮೆಷಿನ್ನಿಗೆ ಹಾಕೋ ಮುಂಚೆ ನೋಡಿದ್ದೇ ಒಳ್ಳೇದಾಯ್ತು. ಆ ಹೆಗ್ಗನಹಳ್ಳಿ ಕಥೇನೇ ಮತ್ತೆ ಆಗಿದೆ ನೋಡಿ. ನಿಮ್ಮಪ್ಪನ ಹೆಸ್ರು ಅಳಿಸೋದು ಮರ್ತಿದೀರ. ಮೇಲೆ ದಿವಂಗತ ಅಂತ ಹಾಕಿದೀರ, ಕೆಳಗೆ ಬಯಸುವವರಲ್ಲೂ ಇದಾರೆ. ತೆಗ್ದುಬಿಡ್ಲಾ?"

ಶಶಿಕಲಾ ರಂಗೋಲಿ ಬಟ್ಟಲನ್ನು ಮೆಟ್ಟಿಲ ಮೇಲಿಟ್ಟಳು.

"ಮರ್ತಿಲ್ಲ ಅಮೀನಪ್ಪ. ನಾನೇ ಹೊಡ್ದಿರೋದು."

ರಂಗೋಲಿ ಪುಡಿ ಹತ್ತಿದ ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

"ಯಾರ್ ಯಾರ್ದೋ ಮದ್ವೇಲಿ ನಿಂತು ಬನ್ನಿ ಬನ್ನಿ ಅಂದೋರು," ಎಂದಳು ಅವಳು. "ಮೊಮ್ಮಗಳ ಮದ್ವೇಲಿ ಅನ್ನಲ್ವಾ?"

"ಆಯ್ತಕ್ಕಾ," ಎಂದ ಅಮೀನಪ್ಪ. ಅವನು ಫೋನು ಇಡಲು ಮರೆತಿರಬೇಕು. ಯಾರಿಗೋ ಹಾಕಪ್ಪಾ ಎಂದು ಕೂಗಿದ್ದು ಕೇಳಿಸಿತು, ಹಿಂದೆಯೇ ಮೆಷಿನ್ನು ಓಡಲು ಶುರುವಾದದ್ದು. ಅವಳು ಫೋನನ್ನು ಕಿವಿಗೆ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತಳು.