ಎರಡು ಕಪ್ಪು ವೈರು

ನನ್ನ ಗಂಡನ ಅಂತ್ಯಕ್ರಿಯೆಗೆ ಬಂದವರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆಯೇ ಮೈದುನ ದೋಣಿಯಲ್ಲಿ ಕೂತಿದ್ದ. ನನ್ನ ಗಂಡ ಅರ್ಧಕ್ಕೆ ಬಿಟ್ಟುಹೋದ, ದೋಣಿ ಓಡಿಸುವ ಕರೆಂಟ್ ಮೋಟರಿಗೆ ವೈರ್ ಜೋಡಿಸಿ ಇವತ್ತೇ ಮೀನಿಗೆ ಹೋಗಬೇಕೆಂಬುದು ಅವನ ಹಟ.

ಬ್ಯಾಟರಿಯಿಂದ ಬಂದ ಎರಡೂ ವೈರುಗಳು ಕಪ್ಪು. ಕೆಂಪು ವೈರ್ ಸಿಗದೆ ನನ್ನ ಗಂಡ ಪ್ಲಸ್ಸಿಗೆ ಗುರುತಾಗಿ ಕೆಂಪು ದಾರ ಕಟ್ಟಿದ್ದರು. ಈಗ ದಾರ ಇರಲಿಲ್ಲ.

"ಕೊಳಕಾಗಿತ್ತು, ಕಿತ್ತು ದೋಣಿ ತೊಳೆದೆ," ಎಂದರು ದಡದಲ್ಲಿ ನಿಂತಿದ್ದ ಅತ್ತೆ. ಅಳು ಬಂದಾಗಲೆಲ್ಲ ಅವರು ಏನಾದರೂ ತೊಳೆಯುತ್ತಾರೆ.

"ಬಲಗಡೇದೇ ಪ್ಲಸ್ಸು. ಅಣ್ಣ ಯಾವಾಗ್ಲೂ ಹಾಗೇ ಮಾಡೋದು." ಮೈದುನ ಅದನ್ನು ಮೋಟರಿನ ಕೆಂಪು ವೈರಿನತ್ತ ಒಯ್ದ.

"ಮುಟ್ಟಿಸ್ಬೇಡ! ಅದಲುಬದಲಾದ್ರೆ ಮೋಟರಿನೊಳಗಿನ ಸರ್ಕ್ಯೂಟ್ ಸುಟ್ಟುಹೋಗುತ್ತೆ."

"ಅತ್ತಿಗೆ, ನೀವು ಓದಿದ್ದು ಇತಿಹಾಸ, ಕರೆಂಟಲ್ಲ."

"ಎರಡೂ ವೈರನ್ನ ಹಾಗೇ ಹಿಡ್ಕೊಂಡಿರು. ಒಂದಕ್ಕೊಂದು ತಾಗದ ಹಾಗೆ."

ಗಂಡನ ಚೀಲದಲ್ಲಿ ಪಕ್ಕದ ಮನೆಯ ರೇಡಿಯೋ ರಿಪೇರಿ ಮಾವನಿಂದ ಎರವಲು ತಂದ, ಕರೆಂಟ್ ಅಳೆಯುವ ಮೀಟರ್ ಇತ್ತು. ಅದರ ಕೆಂಪು ಕಡ್ಡಿಯನ್ನು ಬಲಗಡೆಯ ವೈರಿಗೆ, ಕಪ್ಪನ್ನು ಎಡಗಡೆಯದಕ್ಕೆ ಒತ್ತಿದೆ. ಕಡ್ಡಿ ಜಾರಿ ಅಂಕಿ ಬಂದು ಬಂದು ಹೋಗುತ್ತಿತ್ತು. ಕೊನೆಗೆ ನಿಂತಿತು. ಅಂಕಿಯ ಎಡಕ್ಕೆ ಮೈನಸ್ ಗುರುತಿತ್ತು; ಕೆಂಪು ಕಡ್ಡಿ ಮೈನಸ್ ವೈರಿನ ಮೇಲಿದೆ ಎಂದರ್ಥ.

"ಬಲಗಡೇದು ಪ್ಲಸ್ ಅಲ್ಲ," ಎಂದೆ.

ಮೈದುನ ಬಲಗಡೆಯ ವೈರನ್ನು ಹಿಂದಕ್ಕೆ ಎಳೆದುಕೊಂಡ. ಅತ್ತೆ ಮುಷ್ಟಿ ಬಿಚ್ಚಿದರು. ಕೆಂಪು ದಾರ ಅಲ್ಲೇ ಇತ್ತು. ಅದನ್ನು ಎಡಗಡೆಯ ವೈರಿಗೆ ಕಟ್ಟಿದೆ. ಜೋಡಿಸಿದ ಮೇಲೆ ಮೋಟರ್ ಸದ್ದಿಲ್ಲದೆ ತಿರುಗಿತು.

ಮೀಟರನ್ನು ಹಿಂದಿರುಗಿಸಲು ಪಕ್ಕದ ಮನೆಗೆ ಹೋದೆ.

"ಅವಸರ ಏನಿತ್ತಮ್ಮಾ? ನಿನ್ನ ಗಂಡ ತಗೊಂಡಿದ್ದನ್ನ ಯಾವತ್ತಾದ್ರೂ ವಾಪಸ್ ಕೊಟ್ಟಿದ್ನಾ?" ಎಂದ ಮಾವ ತಕ್ಷಣ ನಾಲಿಗೆ ಕಚ್ಚಿಕೊಂಡರು.

"ಅವರ ಕೆಲಸ ಮುಗೀತು ಮಾವ," ಎಂದು ಮೀಟರನ್ನು ಮೇಜಿನ ಮೇಲಿಟ್ಟೆ.