ಗಿಣಿಯ ಮಾತು

ಜೀವಮಾನವಿಡೀ ಸೋಫಾ, ಕುರ್ಚಿಗಳಿಗೆ ಹೊಲಿಗೆ ಹಾಕಿದ ಮಾವನ ಅಂಗೈಗೇ ಒಂದು ದಿನ ಹೊಲಿಗೆ ಬಿತ್ತು. ಚಾಕು ಬೀಸಿದವಳು ಬೇರೆ ಯಾರೂ ಅಲ್ಲ, ಒಡಹುಟ್ಟಿದ ತಂಗಿಯ ಮಗಳು, ಹದಿನೇಳರ ಹುಡುಗಿ.

ತಂಗಿ ಬೇರೊಂದು ಊರಿನ ಲಾಂಡ್ರಿಯಲ್ಲಿ ಇಸ್ತ್ರಿ ಮಾಡಿಕೊಂಡಿದ್ದಳು. ಗಂಡ ಎಂದೋ ಬಿಟ್ಟುಹೋಗಿದ್ದ. ಲಾಂಡ್ರಿಯ ಮೇಲಿನ ಒಂದೇ ಕೋಣೆಯಲ್ಲಿ ಮಗಳನ್ನೂ, ಹುಟ್ಟುಕಿವುಡನಾದ ಮಗನನ್ನೂ ಸಾಕಿದಳು. ಆ ಚಿಕ್ಕವನನ್ನು ಮನೆಯಲ್ಲಿ ಗಿಣಿ ಎನ್ನುತ್ತಿದ್ದರು. ಬಾಯಿಂದ ಒಂದಕ್ಷರ ಹೊರಡದ ಮಗುವಿಗೆ ಇದೆಂಥ ಹೆಸರು ಎಂದು ಮಾವನಿಗೆ ಕಸಿವಿಸಿ. ಅಪರೂಪಕ್ಕೆ ಬಂದುಹೋಗುವವನು, ಕೇಳಲು ಹೋಗಿರಲಿಲ್ಲ.

ತಂಗಿ ಜ್ವರ ಬಂದು ಹಠಾತ್ತನೆ ತೀರಿಕೊಂಡಳು. ನೆಂಟರೆಲ್ಲ ಅದೇ ಕೋಣೆಯಲ್ಲಿ ಕೂತು ಮಕ್ಕಳ ಗತಿ ಏನೆಂದು ಯೋಚಿಸಿದರು. ಮಾವನಿಗೆ ಮಕ್ಕಳಿರಲಿಲ್ಲ, ಗಿಣಿಯನ್ನು ತಾನು ಸಾಕುತ್ತೇನೆ ಎಂದ. ಹುಡುಗಿಗೆ ತಾಯಿಯ ಕೆಲಸ ಕೊಡಲು ಲಾಂಡ್ರಿಯವರು ಒಪ್ಪಿದ್ದರು. ತಮ್ಮನ ಹೊರೆ ಇಳಿದರೆ ಅವಳೂ ನಾಲ್ಕು ದಿನ ಹಾಯಾಗಿರಲಿ ಎಂಬುದು ಎಲ್ಲರ ಮನಸ್ಸಿನಲ್ಲಿದ್ದದ್ದು. ಅವಳು ಮಾತ್ರ, ನನ್ನನ್ನು ಬಿಟ್ಟು ಅವನಿಗೆ ಆಗುವುದಿಲ್ಲ ಎಂದಳು. ಮತ್ತೆ ಮತ್ತೆ ಹೇಳಿದಳು. ಅಕ್ಕನ ಕರುಳು, ಹಾಗನ್ನುತ್ತದೆ ಎಂದುಕೊಂಡು ಹಿರಿಯರು ತಲೆ ಸವರಿ ಸುಮ್ಮನಾಗಿಸಿದರು.

ಹೊರಡುವ ದಿನ ಮಾವ ವ್ಯಾನ್ ತಂದು ನಿಲ್ಲಿಸಿ, ಮೇಲಿಂದ ಗಿಣಿಯನ್ನು ಕರೆದುಕೊಂಡು ಕೆಳಗೆ ಬರುವಷ್ಟರಲ್ಲಿ ನಾಲ್ಕೂ ಟೈರು ನೆಲಕಚ್ಚಿದ್ದವು. ಪಕ್ಕದಲ್ಲೇ ಹುಡುಗಿ ಅಡುಗೆಮನೆಯ ಚಾಕು ಹಿಡಿದು ನಿಂತಿದ್ದಳು. ಮಾವ ಬೈದುಕೊಳ್ಳುತ್ತ ಗಿಣಿಯ ಕೈ ಹಿಡಿದು ಎಳೆದ. ಮುಂದೆ ಏನಾಯಿತೆಂದು ಅವನಿಗೆ ಸರಿಯಾಗಿ ನೆನಪಿಲ್ಲ. ಅಂಗೈ ಬಿಸಿಯಾಯಿತು, ಅಂಗಿಯೆಲ್ಲ ಕೆಂಪಾಯಿತು. ಬೀದಿಯವರು ಪೊಲೀಸರನ್ನು ಕರೆದರು. ಆಸ್ಪತ್ರೆಯಲ್ಲಿ ನೋವು, ಸಿಟ್ಟು ಎರಡೂ ತಲೆಗೇರಿದ್ದಾಗ ಮಾವ ದೂರು ಕೊಟ್ಟ. ಹುಡುಗಿಯನ್ನು ಬಾಲಮಂದಿರಕ್ಕೆ ಕಳಿಸಿದರು. ತಲೆಕೆಟ್ಟ ಹುಡುಗಿ ಎಂದು ನೆಂಟರು ಒಂದೇ ಮಾತಿನಲ್ಲಿ ಷರಾ ಬರೆದುಬಿಟ್ಟರು.

ಗಿಣಿ ಮಾವನ ಮನೆಗೆ ಬಂದ. ಮೊದಮೊದಲು ಅವನ ಕೈಗಳಿಗೆ ಪುರಸೊತ್ತೇ ಇರಲಿಲ್ಲ. ಕತ್ತಲಾಗುತ್ತಿದ್ದಂತೆ ಒಂದು ಸನ್ನೆಯನ್ನಂತೂ ಬಿಡದೆ ಮಾಡುತ್ತಿದ್ದ: ಬೆರಳುಗಳನ್ನು ಹಣೆಯ ಹತ್ತಿರ ಅರಳಿಸಿ, ಎರಡು ಸಲ ಕೆನ್ನೆ ತಟ್ಟಿಕೊಳ್ಳುವುದು. ಹಸಿವೆಯೇನೋ ಎಂದು ಅತ್ತೆ ಬಾಳೆಹಣ್ಣು ಕೊಟ್ಟಳು. ಹಲ್ಲುನೋವೇನೋ ಎಂದು ಮಾವ ಬಾಯಿ ತೆರೆಸಿ ಇಣುಕಿದ. ಬಚ್ಚಲಿಗೂ ಕರೆದುಕೊಂಡು ಹೋದರು. ಹುಡುಗ ನೆಲಕ್ಕೆ ಕಾಲು ಬಡಿದು ಅತ್ತ. ಅವನು ಮಲಗಲಿ ಎಂದು ಇವರು ದೀಪ ಆರಿಸಿದರೆ ಗೋಡೆ ಗೋಡೆ ಗುದ್ದಿದ.

ಆಮೇಲೆ ಒಂದು ಬೆಳಿಗ್ಗೆ ಎಲ್ಲ ನಿಂತುಹೋಯಿತು. ಗಿಣಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕುರ್ಚಿಯ ಮೇಲೆ ಕೂತ. ಕೊಟ್ಟದ್ದನ್ನು ತಿಂದ, ಕರೆದಲ್ಲಿಗೆ ಬಂದ, ಮತ್ತೆ ಹಾಗೆಯೇ ಕೂತ. ಎಷ್ಟು ಸಾಧುವಾದ ನೋಡಿ ಎಂದಳು ಪಕ್ಕದ ಮನೆಯಾಕೆ. ಮಾವನಿಗೆ ಮಾತ್ರ ಅದು ಸಾಧುತನ ಎನಿಸಲಿಲ್ಲ. ಅವನು ತಿಂಡಿಯನ್ನೂ ಮುಟ್ಟದೆ ಬಸ್ಸು ಹತ್ತಿದ.

ಬಾಲಮಂದಿರದಲ್ಲಿ ಹುಡುಗಿಯನ್ನು ಉದ್ದನೆಯ ಬೆಂಚಿನ ಮೇಲೆ ಕೂರಿಸಿದ್ದರು. ಮೇಲ್ವಿಚಾರಕಿ ಬಾಗಿಲಲ್ಲೇ ನಿಂತಳು. ಹುಡುಗಿಯ ಕಣ್ಣು ಮೊದಲು ಹೋದದ್ದು ಬ್ಯಾಂಡೇಜಿನ ಮೇಲೆ.

"ಕೈ ಮಡಚೋಕೆ ಆಗುತ್ತಾ ಮಾವ?"

ಆಗುತ್ತದೆ ಎಂದ ಮಾವ. ಬೈಯಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳು ಎಲ್ಲಿ ಹೋದವೋ. ಸುಮ್ಮನೆ ಎಡಗೈಯ ಬೆರಳುಗಳನ್ನು ಹಣೆಯ ಹತ್ತಿರ ಅರಳಿಸಿ, ಎರಡು ಸಲ ಕೆನ್ನೆ ತಟ್ಟಿಕೊಂಡ.

"ಇದರ ಅರ್ಥ ಏನಮ್ಮ?"

ಹುಡುಗಿಯ ಮುಖ ಕಿವುಚಿಕೊಂಡಿತು. "ದೀಪ ಆರಿಸ್ಬೇಡಿ ಅಂತ. ಕತ್ತಲಾದ್ರೆ ಅವನಿಗೆ ಕೈ ಕಾಣಲ್ಲ. ಯಾರ ಮಾತೂ ಕೇಳಿಸಲ್ಲ."

ಆಮೇಲೆ ಅವಳು ಹೇಳುತ್ತಾ ಹೋದಳು. ಗಿಣಿ ತೊಟ್ಟಿಲಲ್ಲಿದ್ದಾಗಿನಿಂದ ತಾನೂ ಅಮ್ಮನೂ ಒಂದೊಂದೇ ಸನ್ನೆ ಕಟ್ಟಿದ್ದು, ಅವನೇ ಅರ್ಧಕ್ಕರ್ಧ ಹುಟ್ಟಿಸಿದ್ದು, ಕರೆಂಟ್ ಹೋದರೆ ಅಂಗೈಯ ಮೇಲೆ ಬೆರಳಾಡಿಸಿ ಕಥೆ ಹೇಳುತ್ತಿದ್ದದ್ದು. ಲಾಂಡ್ರಿಗೆ ಬರುವ ಒಬ್ಬೊಬ್ಬರಿಗೂ ಅವನು ಒಂದೊಂದು ಅಡ್ಡಹೆಸರು ಇಟ್ಟಿದ್ದನಂತೆ. ಒಮ್ಮೆ ಲಾಂಡ್ರಿಯ ಕುರ್ಚಿ ರಿಪೇರಿ ಮಾಡಿಕೊಟ್ಟಿದ್ದ ಮಾವನಿಗೂ ಒಂದು ಇತ್ತು: ಬಾಯಲ್ಲಿ ಮೊಳೆ ಕಚ್ಚಿಕೊಂಡವನು. ಬೆಳಗಾದರೆ ಕೈಯಲ್ಲೇ ವಟವಟ ಶುರು ಮಾಡಿ ತಲೆ ತಿನ್ನುತ್ತಿದ್ದನೆಂದೇ ಅಮ್ಮ ಅವನನ್ನು ಗಿಣಿ ಎಂದು ಕರೆದದ್ದು.

ಮಾವ ಅವಳ ಕೈಗಳನ್ನೇ ನೋಡಿದ. ಬಡಕಲು ಹುಡುಗಿ, ಸಾಬೂನಿನ ನೀರಿಗೆ ಬಿರಿದ ಬೆರಳುಗಳು. ಆ ಬೆರಳುಗಳಲ್ಲಿ ಒಂದಿಡೀ ಭಾಷೆ ಇತ್ತು. ಅದನ್ನು ಬಲ್ಲವರು ಭೂಮಿಯ ಮೇಲೆ ಮೂವರೇ ಮೂವರು, ಅವರಲ್ಲಿ ಒಬ್ಬಳು ಈಗಿಲ್ಲ.

"ಈಗ ಅವನು ಏನೂ ಹೇಳ್ತಾ ಇಲ್ಲಮ್ಮ. ಕೈ ಮುಚ್ಚಿಟ್ಟುಕೊಂಡು ಕೂತಿದಾನೆ," ಎಂದ ಮಾವ.

ಹುಡುಗಿ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. "ಅದೇ ಹೆದರಿಕೆ ಇತ್ತು ನನಗೆ. ನಮ್ಮ ಮನೇಲಿ ಅವನು ಮೂಗ ಅಲ್ಲ ಮಾವ. ನಿಮ್ಮ ಮನೆಗೆ ಬಂದ್ರೆ ಮೂಗ ಆಗಿಬಿಡ್ತಾನೆ. ಹೇಳೋಕೆ ನೋಡಿದೆ, ನೀವೆಲ್ಲ ತಲೆ ಸವರಿದ್ರಿ. ವ್ಯಾನ್ ಬಂತು. ಟೈರು ಹೋದ್ರೆ ಒಂದು ದಿನವಾದ್ರೂ ಸಿಗುತ್ತೆ, ಮತ್ತೆ ಹೇಳಬಹುದು ಅಂದುಕೊಂಡೆ. ನೀವು ಅವನ ಕೈಯನ್ನೇ ಹಿಡಿದ್ರಿ." ಬ್ಯಾಂಡೇಜಿನ ಕಡೆ ನೋಡಿ, "ನಿಮಗೆ ತಾಗಿಸ್ಬೇಕು ಅಂತ ಇರಲಿಲ್ಲ," ಎಂದಳು.

ಹತ್ತು ಜನ ಹಿರಿಯರು ಕೂತು ಯೋಚಿಸಿದ್ದಕ್ಕಿಂತ ದೂರ ಈ ಹುಡುಗಿ ಒಬ್ಬಳೇ ನೋಡಿದ್ದಳು. ನೋಡಿಯೂ ಏನೂ ಮಾಡಲಾಗದೆ ಒದ್ದಾಡಿದ್ದಳು. ತಾನು ಅವಳ ಹೊರೆ ಇಳಿಸಲು ಹೋಗಿ, ತಮ್ಮನ ನಾಲಿಗೆಯನ್ನೇ ಕಿತ್ತುಕೊಂಡು ಹೊರಟಿದ್ದೆನಲ್ಲ ಎಂದು ಮಾವನಿಗೆ ಅಲ್ಲೇ ಹೊಳೆಯಿತು.

ದೂರು ಕೊಟ್ಟಷ್ಟು ಸುಲಭವಾಗಿ ಅದನ್ನು ವಾಪಸು ಪಡೆಯಲು ಆಗಲಿಲ್ಲ. ಮಾವ ಅಂಗಡಿ ಮುಚ್ಚಿ ಅಲೆದ. ನ್ಯಾಯಾಧೀಶೆಯ ಮುಂದೆ ನಿಂತು, ಗಾಯ ನನ್ನದು, ತಪ್ಪಿನಲ್ಲಿ ನನಗೂ ಪಾಲಿದೆ ಎಂದ. ಆಕೆ ಹುಡುಗಿಯನ್ನು ಬಹಳ ಹೊತ್ತು ಮಾತಾಡಿಸಿದಳು. ಚಾಕು ಹಿಡಿದದ್ದು ತಪ್ಪು ಎಂದು ಹುಡುಗಿಯೇ ಒಪ್ಪಿಕೊಂಡಳು. ಕೊನೆಗೆ ಆಗಾಗ ಬಂದು ಮುಖ ತೋರಿಸಬೇಕೆಂಬ ಷರತ್ತಿನ ಮೇಲೆ ಅವಳನ್ನು ಮಾವನ ಜೊತೆ ಕಳಿಸಿಕೊಟ್ಟಳು.

ಸ್ಪಂಜು ತುಂಬಿಡುತ್ತಿದ್ದ ಕೋಣೆಯನ್ನು ಅತ್ತೆ ಖಾಲಿ ಮಾಡಿಸಿದ್ದಳು. ಅಕ್ಕ ಹೊಸ್ತಿಲು ದಾಟಿದ್ದೇ ತಡ, ಗಿಣಿಯ ಕೈಗಳು ತೊಡೆಯಡಿಯಿಂದ ಹಾರಿಬಂದವು. ಅಷ್ಟು ದಿನ ಕಟ್ಟಿಟ್ಟದ್ದೆಲ್ಲ ಒಂದೇ ಉಸಿರಿಗೆ ಸುರಿಯಿತು. ಅಕ್ಕ ನಗುತ್ತಾ ಅಳುತ್ತಾ ಜವಾಬು ಕೊಟ್ಟಳು. ಅತ್ತೆ, ಮಾವ ಜಾತ್ರೆಯಲ್ಲಿ ಕಳೆದುಹೋದ ಮಕ್ಕಳಂತೆ ಬಿಟ್ಟ ಕಣ್ಣು ಬಿಟ್ಟು ನೋಡಿದರು.

ಮರುದಿನದಿಂದ ಅವರಿಬ್ಬರಿಗೆ ಪಾಠ. ಮಾವ ಬೇಗ ಕಲಿತ. ಅತ್ತೆ ಕೈಯಲ್ಲಿ ಅನ್ನ ಎನ್ನಹೋದರೆ ಆನೆಯಾಗುತ್ತಿತ್ತು, ಗಿಣಿ ಬಿದ್ದು ಬಿದ್ದು ನಗುತ್ತಿದ್ದ. ಸಂಜೆಯ ಹೊತ್ತು ಅಕ್ಕ ಅವನನ್ನು ಕಿವುಡ ಮಕ್ಕಳ ಶಾಲೆಗೆ ಕರೆದೊಯ್ಯತೊಡಗಿದಳು. ಅಲ್ಲಿ ಎಲ್ಲೆಡೆ ನಡೆಯುವ ಸನ್ನೆಗಳನ್ನು ಅವನ ಜೊತೆ ತಾನೂ ಕಲಿತಳು.

ಒಂದು ರಜೆಯ ದಿನ ಅವಳು ಮಧ್ಯಾಹ್ನವಾದರೂ ಏಳಲಿಲ್ಲ. ತಾಯಿ ಹೋದ ಮೇಲೆ ಹಾಗೆ ಮೈಮರೆತು ಮಲಗಿದ್ದು ಅದೇ ಮೊದಲು. ಏನೋ ಹೇಳಬೇಕೆಂದು ಗಿಣಿ ಅವಳ ಕೋಣೆಗೆ ಓಡಿದ. ಅತ್ತೆ ಬಾಗಿಲಲ್ಲೇ ಅವನನ್ನು ತಡೆದು, ಭುಜ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. ನೆಲದ ಮೇಲೆ ಅವನೆದುರಿಗೇ ಕೂತು, ನನಗೆ ಹೇಳು ಎಂದು ಕೈಯಲ್ಲೇ ಹೇಳಿದಳು.